ಗಿರಣಿ ಮನೆಯ ಇಂಗ್ಲಿಷು

ನನ್ನ ತಮ್ಮ ರಘುಪತಿಯ ಬಗ್ಗೆ ಮೇಗುಂದದ ಕಡೆ ಯಾರನ್ನು ಬೇಕಾದರೂ ಕೇಳಿ, ಒಳ್ಳೆ ಮನುಷ್ಯ ಮಾರಾಯ್ರೆ ಅನ್ನುತ್ತಾರೆ. ಅವನ ಹಿಟ್ಟಿನ ಗಿರಣಿಗೆ ಅಕ್ಕಿ ತಂದವರಿಗೆ ಒಂದು ಹಿಡಿ ಹಿಟ್ಟೂ ಕಡಿಮೆ ಬಂದದ್ದಿಲ್ಲ. ಯಾರ ಮನೆಯಲ್ಲಿ ಸಾವಾದರೂ ಸೌದೆ ಹೊರಲು ಮೊದಲು ಹೋಗುವವನು ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಇವನ ಮುಖ ನೋಡಿಯೇ ಕಟ್ಟಿರಬೇಕು. ನಾನು ಅವನ ಅಕ್ಕ ವನಜ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಗಿರಣಿಯ ಹಿಂದಿನ ಮನೆಯ ಒಲೆಯ ಮುಂದೆ ಕೂತವಳು. ಊರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು.

ಅವನ ಮಗಳು ಗಗನಾ ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ್ದು ಎರಡು ಸಾವಿರದ ಐದರಲ್ಲಿ. ಕ್ಲಾಸಿಗೇ ಮೊದಲು ಬಂದಿದ್ದಳು. ರಘುಪತಿ ಯಾರನ್ನೂ ಒಂದು ಮಾತು ಕೇಳದೆ ಕೊಪ್ಪದ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಅವಳನ್ನು ಸೇರಿಸಿದ. ಅವನ ಮಗ ನಿತೀಶ ಮೊದಲಿಂದಲೂ ಇಂಗ್ಲಿಷ್ ಶಾಲೆಯವನು, ಆಗ ಮೂರನೇ ಕ್ಲಾಸು. ಮಗಳೂ ಹಾಗೇ ಆಗಲಿ ಅಂತ ಇವನ ಆಸೆ. ಆಸೆಗೆ ಕಾರಣವೂ ಇತ್ತು. ಇವನು ಕನ್ನಡದಲ್ಲಿ ಹತ್ತನೇ ಕ್ಲಾಸಿನ ತನಕ ಚೆನ್ನಾಗಿಯೇ ಓದಿ, ಪಿಯುಸಿ ಸೈನ್ಸಿಗೆ ಸೇರಿ, ಅಲ್ಲಿನ ಇಂಗ್ಲಿಷ್ ಪುಸ್ತಕ ತಲೆಗೆ ಹತ್ತದೆ ಡುಮ್ಕಿ ಹೊಡೆದವನು. ನಮ್ಮಪ್ಪ ರಂಗಪ್ಪ ಅವನನ್ನು ಗಿರಣಿಯ ಕಂಬಕ್ಕೆ ಕಟ್ಟಿ ಸವೆದ ಬೆಲ್ಟಿನ ತುಂಡಿನಿಂದ ಹೊಡೆದಿದ್ದರು. ಗಿರಣಿ ಬೆಲ್ಟು ಅಂದರೆ ಸೊಂಟಕ್ಕೆ ಕಟ್ಟುವುದಲ್ಲ, ಮೋಟರಿನಿಂದ ಕಲ್ಲಿಗೆ ಹೋಗುವ ಅಂಗೈ ಅಗಲದ ರಬ್ಬರು ಪಟ್ಟಿ. ಬಿದ್ದ ಕಡೆ ಚರ್ಮ ಏಳುತ್ತದೆ. ಅಷ್ಟು ಪೆಟ್ಟು ತಿಂದವನಿಗೆ ಒಂದಿಷ್ಟು ಬುದ್ಧಿ ಬರಬೇಕಿತ್ತು. ಅಪ್ಪ ಸತ್ತ ಮೇಲೆ ಆ ತುಂಡು ಇವನ ಕೈಗೆ ಬಂತು.

ಆಗಸ್ಟಿನಲ್ಲಿ ಮೊದಲ ಟೆಸ್ಟಿನ ಮಾರ್ಕ್ಸು ಗೊತ್ತಾಯಿತು. ಕನ್ನಡ, ಲೆಕ್ಕ ಪರವಾಗಿಲ್ಲ. ಸೈನ್ಸು, ಸೋಶಿಯಲ್, ಇಂಗ್ಲಿಷು ಮೂರರಲ್ಲೂ ಫೇಲು. ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಕಿರೊಟ್ಟಿಯ ಜೊತೆ ಕಳಲೆ ಪಲ್ಯ ಬಡಿಸಿದ್ದೆ. ರಘುಪತಿ ರೊಟ್ಟಿ ಮುರಿಯುತ್ತಾ ಕೇಳಿದ.

"ಏಳನೇ ಕ್ಲಾಸಲ್ಲಿ ಇದೇ ಸೈನ್ಸಿಗೆ ಫಸ್ಟು ಬಂದಿದ್ದೆ ಅಲ್ದಾ?"

"ಹೌದು."

"ಮತ್ತೆ ಈಗ ಎಂತ ರೋಗ ಬಂತು?"

"ಪಾಠ ಗೊತ್ತು ಅಪ್ಪಯ್ಯ. ಪ್ರಶ್ನೇಲಿ ಎಂತ ಕೇಳಿದಾರೆ ಅಂತಲೇ ಗೊತ್ತಾಗಲ್ಲ."

ಹುಡುಗಿ ಹೇಳಿದ್ದು ಅಪ್ಪಟ ನಿಜ. ಅವನಿಗೆ ಅದು ಸೊಕ್ಕಿನ ಮಾತಾಗಿ ಕೇಳಿತು. ಎದ್ದವನೇ ಅವಳ ತಟ್ಟೆಯನ್ನು ಕಾಲಿಂದ ಒದ್ದ. ಪಲ್ಯ ಗೋಡೆಗೆ ಹಾರಿತು. ಬಾಗಿಲ ಹಿಂದಿನ ಬೆಲ್ಟು ತಂದು ಕೂತಲ್ಲೇ ಅವಳ ಬೆನ್ನಿಗೆ, ತೋಳಿಗೆ ಬಿಗಿದ. ಅವನ ಹೆಂಡತಿ ಗುಲಾಬಿ ಅಡ್ಡ ಬಂದದ್ದಕ್ಕೆ ಅವಳ ಭುಜಕ್ಕೂ ಬಿತ್ತು. ನಮ್ಮಮ್ಮ ಭೈರಮ್ಮ ಮಣೆಯ ಮೇಲಿಂದ ಏಳಲಾರದೆ, ಬಿಡೋ, ಮಗು ಸಾಯ್ತದೆ ಬಿಡೋ ಅಂತ ನೆಲ ಬಡಿಯುತ್ತಿದ್ದಳು. ದಂಡಂ ದಶಗುಣಂ ಅಂತ ಹೇಳಿ ಅವನು ಕೈ ತೊಳೆದು, ಕೂತು, ಉಳಿದ ರೊಟ್ಟಿ ತಿಂದ. ನಾನು ಗೋಡೆ ಒರೆಸಿದೆ.

ಮುಂದಿನ ವಾರ ಶಾಲೆಯಲ್ಲಿ ಅಪ್ಪ ಅಮ್ಮಂದಿರ ಮೀಟಿಂಗು. ಅಲ್ಲಿ ದೊಡ್ಡವರು ಯಾರೋ, ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇಲ್ಲದಿದ್ದರೆ ಮಕ್ಕಳಿಗೆ ಬರುವುದಾದರೂ ಹೇಗೆ ಅಂತ ಭಾಷಣ ಮಾಡಿದರಂತೆ. ಇವನು ಅದನ್ನು ವೇದವಾಕ್ಯ ಮಾಡಿಕೊಂಡು ಬಂದ. ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಕನ್ನಡ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಬಿಲ್ಲೆ ಹಾಕುತ್ತಾರೆ. ಅದು ಕನ್ನಡ ಮಾತಾಡುವ ಇನ್ನೊಂದು ಮಗುವನ್ನು ಹಿಡಿದು ಅದರ ಕೊರಳಿಗೆ ದಾಟಿಸಬೇಕು. ಸಂಜೆ ಬೆಲ್ಲು ಹೊಡೆಯುವಾಗ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ನನ್ನ ತಮ್ಮ ಈ ಘನಕಾರ್ಯವನ್ನು ಮನೆಗೂ ತಂದ. ಹಲಗೆಯ ತುಂಡೊಂದಕ್ಕೆ ತೂತು ಕೊರೆದು, ಗೋಣಿಚೀಲ ಹೊಲಿಯುವ ದಾರ ಪೋಣಿಸಿ ಬಿಲ್ಲೆ ಮಾಡಿದ. ಇನ್ನು ಮೇಲೆ ಈ ಮನೆಯಲ್ಲಿ ಇಂಗ್ಲಿಷೇ. ರಾತ್ರಿ ಊಟದ ಹೊತ್ತಿಗೆ ಬಿಲ್ಲೆ ಮಕ್ಕಳ ಕೊರಳಲ್ಲಿದ್ದರೆ ಬೆಲ್ಟು, ದೊಡ್ಡವರ ಕೊರಳಲ್ಲಿದ್ದರೆ ಊಟ ಇಲ್ಲ. ಗಿರಣಿಯಲ್ಲಿ ಗಿರಾಕಿಗಳ ಜೊತೆ ಮಾತ್ರ ಕನ್ನಡ. ಅಲ್ಲಿ ಬೇರೆ ದಾರಿ ಇರಲಿಲ್ಲವಲ್ಲ, ಇವನಿಗೇ ಬರುವುದಿಲ್ಲ.

ಆ ಮನೆಯನ್ನು ನೀವು ನೋಡಬೇಕಿತ್ತು. ಗುಲಾಬಿ ಉಪ್ಪು ಬೇಕಾದರೆ ಬೆರಳು ಚೀಪಿ ತೋರಿಸುವಳು. ನಾನು ನೀರು ಕಾದಿದೆ ಅಂತ ಹೇಳಲು ಹೋಗಿ ಹಂಡೆಗೆ ಬಡಿಯುತ್ತಿದ್ದೆ. ಗಗನಾ ರೈಸ್ ಪ್ಲೀಸ್, ವಾಟರ್ ಪ್ಲೀಸ್ ಅನ್ನುವಷ್ಟು ಅಂದು ಬಾಯಿ ಮುಚ್ಚುತ್ತಿದ್ದಳು. ನಿತೀಶನಿಗೆ ಮಾತ್ರ ಹಬ್ಬ. ಅವನು ಪೊಲೀಸ. ಅಕ್ಕನ ಜಡೆ ಎಳೆದು, ಅವಳು ಅಯ್ಯೋ ಬಿಡೋ ಅಂದ ಕೂಡಲೇ ಬಿಲ್ಲೆ ಹಾಕುವನು. ಅಯ್ಯೋ ಅನ್ನುವುದೂ ಕನ್ನಡವಂತೆ. ಹೆಚ್ಚುಕಡಿಮೆ ದಿನಾ ಸಂಜೆ ಬಿಲ್ಲೆ ಆ ಹುಡುಗಿಯ ಕೊರಳಿಗೇ ಬಂದು ನಿಲ್ಲುತ್ತಿತ್ತು. ಅವಳ ಮೀನಖಂಡದ ಮೇಲೆ ಹಳೇ ಬರೆ ಮಾಯುವುದರೊಳಗೆ ಹೊಸದು ಏಳುತ್ತಿತ್ತು. ಶಾಲೆಗೆ ಹೋಗಿ ಬಂದು ಏನೂ ಆಡದೆ ಮೂಲೆ ಹಿಡಿಯುವಳು. ಕೊಪ್ಪದ ಬಸ್ಸಿನಲ್ಲಿ ಅವಳ ಜೊತೆ ಹೋಗುವ ಮಕ್ಕಳು, ಗಗನಾಗೆ ಮಾತು ಬರಲ್ವಾ ಅತ್ತೆ ಅಂತ ನನ್ನನ್ನೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಗ್ಲಿಷು ಬಾರದಿದ್ದರೆ ಸಾಯಲಿ, ಇದ್ದ ಮಾತೂ ಹೋಯಿತಲ್ಲ.

ಒಂದು ಸಂಜೆ ಗಗನಾಳ ಕೊರಳಲ್ಲಿ ಬಿಲ್ಲೆ ಇತ್ತು. ಗಿರಣಿ ನಿಂತಿತು, ಅವನು ಇನ್ನೇನು ಒಳಗೆ ಬರಬೇಕು. ನಮ್ಮಮ್ಮ ಗೋಡೆ ಹಿಡಿದು ಎದ್ದು ಅವಳೆದುರು ನಿಂತಳು.

"ಗಗನಾ, ನಾನೀಗ ಕನ್ನಡ ಮಾತಾಡ್ತಾ ಇದೀನಿ. ಕೇಳ್ತದಾ? ಕೊಡು ಅದನ್ನ ಇತ್ಲಾಗೆ."

ಬಿಲ್ಲೆಯನ್ನು ತಾನೇ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಮತ್ತೆ ಬಿಚ್ಚಲಿಲ್ಲ. ಮಕ್ಕಳು ಅವಳೆದುರೇ ಕನ್ನಡ ಮಾತಾಡಿದರೂ ಯಾರನ್ನೂ ಹಿಡಿಯಲಿಲ್ಲ. ಸ್ನಾನಕ್ಕೂ ಅದರ ಜೊತೆಗೇ ಹೋದಳು. ಕಾನೂನಿನ ಪ್ರಕಾರ ರಾತ್ರಿ ಊಟ ಬಿಟ್ಟಳು. ನಾನು ಕದ್ದು ಗಂಜಿ ತಂದರೆ, ಬೇಡ, ನಿನ್ನ ತಮ್ಮ ದೊಡ್ಡ ಜಡ್ಜು, ಅವನ ಮಾತು ಮೀರಬಾರದು ಅಂತ ನಕ್ಕಳು. ಅಷ್ಟು ದಿನ ಗಗನಾಗೆ ಒಂದು ಪೆಟ್ಟೂ ಬೀಳಲಿಲ್ಲ. ರಘುಪತಿ ಮುದುಕಿ ಎರಡು ದಿನಕ್ಕೆ ಸುಸ್ತಾಗ್ತಾಳೆ ಅಂತ ಮೊದಲು ಅಸಡ್ಡೆ ಮಾಡಿದ. ಆಮೇಲೆ ಗಿರಣಿಗೆ ಬಂದ ಹೆಂಗಸರು, ಅಮ್ಮ ಯಾಕೋ ಇಳಿದುಹೋಗಿದಾರೆ ಅಂತ ಕೇಳತೊಡಗಿದರು. ಊರಿನವರ ಬಾಯಿಗೆ ಬಿದ್ದದ್ದು ಅವನಿಗೆ ತಡೆಯಲಾಗಲಿಲ್ಲ.

ಆ ದಿನ ಒಣಮೀನಿನ ಸಾರು ಕುದಿಯುತ್ತಿತ್ತು, ಅಮ್ಮ ಒಲೆಯ ಪಕ್ಕ ಕೂತು ಸೌಟಾಡಿಸುತ್ತಿದ್ದಳು. ಅವನು ಬಂದು, ಕೊಡು ಅದನ್ನ ಅಂದ. ಅವಳು ಕೊಡಲ್ಲ ಅಂದಳು. ಅವನು ಬಗ್ಗಿ ಬಿಲ್ಲೆಗೆ ಕೈ ಹಾಕಿ ಎಳೆದ. ಗೋಣಿ ಹೊಲಿಯುವ ದಾರ, ಅಷ್ಟು ಸುಲಭಕ್ಕೆ ಹರಿಯುತ್ತದೆಯೇ? ಅಮ್ಮನ ಕೊರಳು ಮುಂದಕ್ಕೆ ಬಾಗಿ, ಕುತ್ತಿಗೆಯ ಹಿಂದೆ ಚರ್ಮ ಸೀಳಿ ರಕ್ತ ಚಿಮ್ಮಿತು. ಅವಳು ಕೂಗಲಿಲ್ಲ. ಕೈಯಲ್ಲಿದ್ದ ಸೌಟನ್ನು, ಕುದಿಯುವ ಸಾರಿನ ಸಮೇತ, ಅವನ ಕೆನ್ನೆಗೆ ಬೀಸಿದಳು. ಅವನು ಅಪ್ಪಾ ಅಂತ ಕಿರುಚಿ ಹಿಂದಕ್ಕೆ ಬಿದ್ದ. ಗುಲಾಬಿ ಓಡಿ ಬಂದು ಕತ್ತಿಯಲ್ಲಿ ದಾರ ಕೊಯ್ದು, ಬಿಲ್ಲೆಯನ್ನು ಒಲೆಗೆ ಎಸೆದಳು. ಅವನು ಎದ್ದವನು ಅವಳ ಕೂದಲು ಹಿಡಿದು ಹಣೆಯನ್ನು ಕಂಬಕ್ಕೆ ಚಚ್ಚಿದ, ಒಂದು ಸಲ ಅಲ್ಲ. ಆಗ ನಾನು ಒಲೆಯಿಂದ ಉರಿಯುವ ಕೊಳ್ಳಿ ಎಳೆದೆ.

"ರಘು, ಕೈ ಬಿಡು. ಇಲ್ಲದಿದ್ರೆ ಮುಖಕ್ಕೆ ಇಡ್ತೀನಿ. ಇಡ್ತೀನಿ ಅಂದ್ರೆ ಇಡ್ತೀನಿ."

ಬಿಟ್ಟ. ಕೆನ್ನೆ ಹಿಡಿದುಕೊಂಡು ಗಿರಣಿಗೆ ಹೋಗಿ ಅಕ್ಕಿ ಚೀಲಗಳ ಮೇಲೆ ಮಲಗಿದ. ಮಾರನೇ ದಿನ ಅವನು ಸಾರು ಚೆಲ್ಲಿತು ಅಂತಲೂ, ಗುಲಾಬಿ ಬಾಗಿಲು ಬಡಿಯಿತು ಅಂತಲೂ ಊರಿಗೆ ಹೇಳಿದರು. ಬಿಲ್ಲೆ ಮತ್ತೆ ಬರಲಿಲ್ಲ. ಬೆಲ್ಟು ಮಾತ್ರ ಬಾಗಿಲ ಹಿಂದೆ ಇದ್ದಲ್ಲೇ ಇತ್ತು.

ಸೆಪ್ಟೆಂಬರಿನಲ್ಲಿ ಶಾಲೆಯಿಂದ ಗಗನಾ ಒಂದು ಮಾತು ತಂದಳು. ಸೈನ್ಸ್ ಟೀಚರು ಮನೆಯವರು ಯಾರಾದರೂ ಬರಲಿ ಅಂದಿದ್ದಾರೆ, ಅಪ್ಪಯ್ಯ ಬೇಡ. ಗುಲಾಬಿ ಗಿರಣಿ ಬಿಟ್ಟು ಹೋಗುವ ಹಾಗಿರಲಿಲ್ಲ. ಕೊಪ್ಪದ ಆಸ್ಪತ್ರೆಗೆ ಅಂತ ಸುಳ್ಳು ಹೇಳಿ ನಾನು ಹೋದೆ. ಟೀಚರ ಹೆಸರು ಶಬಾನ, ಬಾಳೆಹೊನ್ನೂರಿನ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಬೋರ್ಡಿನ ಮುಂದೆ ಗಗನಾ ಬಗ್ಗಿದಾಗ ಅವಳ ಕಾಲಿನ ಬರೆ ನೋಡಿದ್ದಳಂತೆ. ಯಾರು ಹೊಡೆದದ್ದು ಅಂತ ಕೇಳಿದಳು. ನಾನು ಮುಚ್ಚಿಡಲಿಲ್ಲ.

"ಅಮ್ಮ, ನಾನು ನಾಲ್ಕನೇ ಕ್ಲಾಸಿನ ತನಕ ಉರ್ದು ಶಾಲೆ. ಆಮೇಲೆ ಕನ್ನಡ. ಕಾಲೇಜಲ್ಲಿ ಇಂಗ್ಲಿಷು. ಎರಡು ಸಲ ಮೂಗಿ ಆಗಿದ್ದೆ. ಇವಳಿಗೆ ಪಾಠ ಬರ್ತದೆ, ನಾನು ಬಾಯಲ್ಲಿ ಕೇಳಿ ನೋಡಿದೀನಿ. ಪುಸ್ತಕದ ಇಂಗ್ಲಿಷು ಬರಲ್ಲ. ಅದು ರೈಸ್ ಪ್ಲೀಸ್ ಅನ್ನೋ ಇಂಗ್ಲಿಷಲ್ಲ, ಮನೇಲಿ ಮಾತಾಡಿದ್ರೆ ಬರೋದೂ ಅಲ್ಲ."

ಹಾಗಾದರೆ ಎಂತ ಮಾಡದು ಟೀಚರೇ ಅಂದೆ. ಅವಳು ಹೇಳಿದ್ದು ಕೇಳಿ ನನಗೆ ನಗು ಬಂತು. ಆ ದಿನದ ಪಾಠವನ್ನು ಗಗನಾ ಮನೆಯಲ್ಲಿ ಯಾರಿಗಾದರೂ ಪೂರ್ತಿ ಕನ್ನಡದಲ್ಲಿ ಹೇಳಬೇಕು. ಆಮೇಲೆ ಪುಸ್ತಕ ತೆರೆದು, ತಾನು ಹೇಳಿದ್ದು ಇಂಗ್ಲಿಷಿನಲ್ಲಿ ಎಲ್ಲಿದೆ ಅಂತ ಸಾಲು ಸಾಲಾಗಿ ಹುಡುಕಬೇಕು. ಪ್ರಶ್ನೆಯ ಇಂಗ್ಲಿಷನ್ನು ಮಾತ್ರ ಶಾಲೆ ಬಿಟ್ಟ ಮೇಲೆ, ಬಸ್ಸು ಬರುವ ತನಕ, ತಾನೇ ಕೂರಿಸಿ ಕಲಿಸುತ್ತೇನೆ ಅಂದಳು. ನಾನು ಓದಿದ್ದು ಏಳನೇ ಕ್ಲಾಸು, ನಮ್ಮಮ್ಮ ಹೆಬ್ಬೆಟ್ಟು, ನಮಗೆ ಹೇಳಿ ಏನು ಉಪಯೋಗ ಅಂತ ಕೇಳಿದೆ.

"ಕೇಳೋರು ಬೇಕು ಅಮ್ಮ, ಅಷ್ಟೇ. ಅರ್ಥ ಆಗದಿದ್ರೆ ಆಗಿಲ್ಲ ಅಂತ ಜಗಳ ಮಾಡಿ. ಸುಮ್ನೆ ತಲೆ ಆಡಿಸಬೇಡಿ."

ಜಗಳ ಮಾಡುವುದನ್ನು ನಮ್ಮ ಮನೆಯಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ. ಸಂಜೆ ಗಿರಣಿ ಗಡಗಡ ಅನ್ನುವಾಗ ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ಆ ಸದ್ದಿನಲ್ಲಿ ಒಳಗಿನ ಮಾತು ಅವನಿಗೆ ಕೇಳುವುದಿಲ್ಲ. ನಾನು ಕಡುಬಿಗೆ ಹಿಟ್ಟು ಕಲಸುವುದು, ಅಮ್ಮ ಬೆಳ್ಳುಳ್ಳಿ ಸುಲಿಯುವುದು, ಗಗನಾ ಹೇಳುವುದು. ಮೊದಲು ಮಾತು ಬೇಗ ಏಳಲಿಲ್ಲ, ತೊದಲುವಳು, ಬಾಗಿಲ ಕಡೆ ನೋಡುವಳು. ಗಿಡ ಎಲೆಯಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಅಂದಳು. ಅಮ್ಮ ಬಿಡಲಿಲ್ಲ. ಒಲೆ ಇಲ್ಲದೆ ಹೆಂಗೆ, ಬೆಂಕಿ ಯಾರು ಕೊಡ್ತಾರೆ, ಹಂಗಾದ್ರೆ ರಾತ್ರಿ ಗಿಡ ಉಪವಾಸವಾ ಅಂತ ಬೆನ್ನು ಹತ್ತಿದಳು. ಉತ್ತರ ಹೇಳಿ ಹೇಳಿ ಹುಡುಗಿಗೆ ಬೆವರು ಬಂತು. ಹೃದಯಕ್ಕೆ ನಾಲ್ಕು ಕೋಣೆ ಅಂದ ದಿನ, ನಿಮ್ಮಪ್ಪಯ್ಯನ ನಾಲ್ಕಕ್ಕೂ ಬೀಗ ಹಾಕಿರಬೇಕು ಅಂತ ಅಮ್ಮ ಅಂದಳು. ಗಗನಾ ಎಷ್ಟೋ ತಿಂಗಳ ಮೇಲೆ ನಕ್ಕದ್ದು ಆಗ.

ಪ್ರಶ್ನೆಯ ಇಂಗ್ಲಿಷೂ ಒಂದೊಂದಾಗಿ ಅಡುಗೆಮನೆಗೆ ಬಂತು. ಡಿಫೈನ್ ಅಂದರೆ ಅದು ಎಂತದು ಅಂತ ಒಂದೇ ಮಾತಲ್ಲಿ ಹೇಳು. ಎಕ್ಸ್‌ಪ್ಲೇನ್ ಅಂದರೆ ಬಿಡಿಸಿ ಹೇಳು. ಗಿವ್ ರೀಸನ್ಸ್ ಅಂದರೆ ಯಾಕೆ ಅಂತ ಹೇಳು. ಇಷ್ಟು ದಿನ ಈ ಮಗು ಯಾಕೆ ಅಂತ ಕೇಳಿದ ಕಡೆ ಎಂತದು ಅಂತ ಬರೆದು ಸೊನ್ನೆ ತಂದಿತ್ತು. ಅದಕ್ಕೆ ಬೆನ್ನು ಸುಲಿಸಿಕೊಂಡಿತ್ತು. ಅದು ಗೊತ್ತಾದ ದಿನ ನನಗೆ ಅಳು ಬಂತು, ಈರುಳ್ಳಿ ಹೆಚ್ಚುತ್ತಿದ್ದೆ, ಯಾರಿಗೂ ತಿಳಿಯಲಿಲ್ಲ.

ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಕರೆಂಟು ಹೋಯಿತು. ಗಿರಣಿ ನಿಂತದ್ದು ನಮಗೆ ಗೊತ್ತಾಗುವ ಮೊದಲೇ ಅವನು ಬಾಗಿಲಲ್ಲಿದ್ದ. ಗಗನಾ ರಕ್ತ ಹೃದಯದಿಂದ ಪುಪ್ಪುಸಕ್ಕೆ ಹೋಗುವುದನ್ನು ಕೈಯಾಡಿಸಿ ಹೇಳುತ್ತಿದ್ದಳು.

"ಕನ್ನಡದಲ್ಲಿ ಸೈನ್ಸಾ? ಇದಕ್ಕಾ ನಿನ್ನ ಅಲ್ಲಿಗೆ ಹಾಕಿದ್ದು?"

ಕತ್ತಲಲ್ಲಿ ಬೆಲ್ಟು ಎಲ್ಲಿ ಬೀಳುತ್ತದೆ ಅಂತ ಅವನಿಗೂ ಕಾಣುತ್ತಿರಲಿಲ್ಲ. ಹುಡುಗಿಗೆ ಬಿತ್ತು, ಅಮ್ಮನ ಮಂಡಿಗೆ ಬಿತ್ತು, ಹಿಟ್ಟಿನ ಪಾತ್ರೆಗೆ ಬಿದ್ದು ಅದು ಉರುಳಿತು. ನಾನು ಅವನ ಸೊಂಟ ಹಿಡಿದು ಎಳೆದೆ, ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ಅಲ್ಲಾಡಿತು, ವಾರದೊಳಗೆ ಬಿದ್ದೂ ಹೋಯಿತು. ಗುಲಾಬಿ ಚಿಮಣಿ ಹಚ್ಚಿಕೊಂಡು ಬಂದಾಗ ಗಗನಾ ಒರಳುಕಲ್ಲಿನ ಹಿಂದೆ ಸೇರಿಕೊಂಡು ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡಿದ್ದಳು. ಹೊಡೆದದ್ದು ಸಾಕಾಯಿತೋ, ಕರೆಂಟು ಬಂತೋ, ಅವನು ಗಿರಣಿಗೆ ಹೋದ.

ಮರುದಿನದಿಂದ ಪಾಠ ದಾರಿಗೆ ಬಿತ್ತು. ಬೆಳಿಗ್ಗೆ ಬಸ್ಸಿನ ತನಕ ನಾನು ಅವಳ ಜೊತೆ ಹೋಗತೊಡಗಿದೆ. ದಾರಿಯುದ್ದಕ್ಕೂ ಅವಳು ಹೇಳುವಳು, ನಾನು ಜಗಳ ತೆಗೆಯುವೆ. ರಾತ್ರಿ ಅದನ್ನೇ ನಾನು ಅಮ್ಮನಿಗೆ ಪಿಸುಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಮುದುಕಿಗೆ ನಿದ್ದೆಯಿಲ್ಲ.

ದಸರಾ ರಜೆಗೆ ಮುಂಚೆ ಅರ್ಧ ವಾರ್ಷಿಕ ಪರೀಕ್ಷೆ ಆಯಿತು. ರಜೆ ಮುಗಿಸಿ ಹೋದ ದಿನ ಗಗನಾ ಓಡುತ್ತಾ ಬಂದಳು. ಎಲ್ಲದರಲ್ಲೂ ಪಾಸು, ಸೈನ್ಸಿನಲ್ಲಿ ಕ್ಲಾಸಿಗೆ ಎರಡನೆಯವಳು. ನಾನು ಅವಳನ್ನು ತಬ್ಬಿಕೊಂಡು ಕುಣಿದೆ, ಈ ವಯಸ್ಸಿನಲ್ಲಿ. ಗುಲಾಬಿ ಪಾಯಸ ಮಾಡಿದಳು. ರಘುಪತಿಯೂ ಎರಡು ಲೋಟ ಕುಡಿದ. ಮಗಳಿಗೆ ಒಂದು ಒಳ್ಳೆಯ ಮಾತು ಆಡುತ್ತಾನೋ ಅಂತ ಕಾದೆವು. ಅವನು ಮೀಸೆ ಒರೆಸಿಕೊಂಡು ಬಾಗಿಲ ಹಿಂದೆ ಕೈ ತೋರಿಸಿದ.

"ನೋಡಿದ್ರಾ? ಅದು ಮಾತಾಡಿದ್ರೆ ಎಲ್ಲ ಬರ್ತದೆ."

ಗಗನಾ ತುಟಿಗೆ ಇಟ್ಟ ಲೋಟ ಕೆಳಗಿಟ್ಟಳು. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಿರಣಿಗೆ ಬಂದವರಿಗೆಲ್ಲ ಇದೇ ಪುರಾಣ. ಟ್ಯೂಷನ್ನು ಗೀಷನ್ನು ಏನೂ ಬೇಡ ಮಾರಾಯ, ಒಂದು ತುಂಡು ಬೆಲ್ಟು ಸಾಕು. ಪಕ್ಕದ ಬೂತಪ್ಪನ ಮಗ ಸಂತೋಷನೂ ಅದೇ ಶಾಲೆ, ಅದೇ ಕ್ಲಾಸು, ಗಗನಾಳ ಹಾಗೇ ಇಂಗ್ಲಿಷಿನಲ್ಲಿ ಒದ್ದಾಡುವವನು. ಬೂತಪ್ಪ ಬಂದು ನಂಗೂ ಒಂದು ತುಂಡು ಕೊಡಾ ಅಂತ ಕೇಳಿದ. ನನ್ನ ತಮ್ಮ ಹಳೇ ಬೆಲ್ಟಿನಿಂದ ಉದ್ದ ನೋಡಿ, ಕೈಗೆ ಹಿಡಿತ ಬರುವ ಹಾಗೆ ಕೊಯ್ದು ಕೊಟ್ಟ. ಬೂತಪ್ಪ ಅದನ್ನು ಹಿಟ್ಟಿನ ಚೀಲದ ಮೇಲೆ ಇಟ್ಟುಕೊಂಡು ಹೋದ. ಗಗನಾ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಾ ಎಲ್ಲ ನೋಡಿದಳು.

ನಾಲ್ಕು ದಿನ ಕಳೆದು ಬಸ್ಸಿನ ದಾರಿಯಲ್ಲಿ ಅವಳು ಪಾಠ ಹೇಳಲಿಲ್ಲ. ಏನೆಂದು ಕೇಳಿದ್ದಕ್ಕೆ, ಸಂತೋಷನ ಬೆರಳು ಬಾತಿದೆ ಅತ್ತೆ, ಪೆನ್ನು ಹಿಡಿಯಕ್ಕೆ ಆಗ್ತಿಲ್ಲ ಅಂದಳು. ಇನ್ನೊಂದು ಸ್ವಲ್ಪ ದೂರ ನಡೆದ ಮೇಲೆ, ಅದು ನಮ್ಮ ಮನೆ ಬೆಲ್ಟು ಅಂದಳು.

ಡಿಸೆಂಬರಿನಲ್ಲಿ ಇನ್ನೊಂದು ಟೆಸ್ಟು. ಸೈನ್ಸಿನ ಪರೀಕ್ಷೆ ನಡೆದ ದಿನ ಸಂಜೆ ಶಾಲೆಯಿಂದ ಗಿರಣಿಗೆ ಫೋನು ಬಂತು. ನಿಮ್ಮ ಹುಡುಗಿ ಹೆಸರು ಬರೆದು ಖಾಲಿ ಹಾಳೆ ಕೊಟ್ಟಿದ್ದಾಳೆ, ಹುಷಾರಿಲ್ಲವಾ ಅಂತ. ರಘುಪತಿ ಗಿರಣಿ ನಿಲ್ಲಿಸಿ, ಗಿರಾಕಿಗಳನ್ನು ಹಾಗೇ ಬಿಟ್ಟು ಒಳಗೆ ಬಂದ. ಬರುವಾಗಲೇ ಬೆಲ್ಟು ಎಳೆದುಕೊಂಡಿದ್ದ. ಗಗನಾ ನಡುಮನೆಯಲ್ಲಿ ನಿಂತಿದ್ದಳು, ಅವನನ್ನೇ ಕಾಯುತ್ತಿದ್ದ ಹಾಗೆ.

"ಯಾಕೆ ಬರೀಲಿಲ್ಲ?"

"ಬರ್ತಿತ್ತು. ಎಲ್ಲ ಬರ್ತಿತ್ತು."

"ಮತ್ತೆ?"

"ಅರ್ಧ ವಾರ್ಷಿಕದಲ್ಲಿ ಬೆಲ್ಟು ಬರೆದದ್ದು ಅಂತ ಊರಿಗೆಲ್ಲ ಹೇಳಿದ್ರಲ್ಲ 
ಅಪ್ಪಯ್ಯ. ಅದಕ್ಕೇ ಈ ಸಲವೂ ಅದೇ ಬರೀಲಿ ಅಂತ ಬಿಟ್ಟೆ."

ಅವನು ಹೊಡೆದ. ಅಷ್ಟು ಹೊಡೆದದ್ದನ್ನು ನಾನು ನೋಡಿರಲಿಲ್ಲ. ಅವಳು ಈ ಸಲ ಕೈ ಅಡ್ಡ ಹಿಡಿಯಲಿಲ್ಲ, ತಲೆ ಮುಚ್ಚಿಕೊಳ್ಳಲಿಲ್ಲ, ಅವನ ಮುಖವನ್ನೇ ನೋಡುತ್ತಾ ನಿಂತಳು. ತುಟಿ ಒಡೆಯಿತು. ಗುಲಾಬಿ ಅವನ ಕೈ ಕಚ್ಚಿದಳು, ನಾನು ಕೊರಳಪಟ್ಟಿ ಹಿಡಿದು ಜೋತುಬಿದ್ದೆ. ನಿತೀಶ, ಆ ಪೊಲೀಸ, ಅಕ್ಕನ ಕಾಲು ತಬ್ಬಿಕೊಂಡು, ಸಾಕು ಅಪ್ಪಯ್ಯ, ಸಾಕು ಅಂತ ಕನ್ನಡದಲ್ಲಿ ಕೂಗುತ್ತಿದ್ದ. ಬಾಗಿಲಲ್ಲಿ ಗಿರಾಕಿಗಳು ಚೀಲ ಹಿಡಿದು ನಿಂತಿದ್ದರು. ಬೂತಪ್ಪನೂ ಇದ್ದ. ಒಳ್ಳೆ ಮನುಷ್ಯನ ಮನೆಯೊಳಗನ್ನು ಊರು ಮೊದಲ ಸಲ ನೋಡಿತು.

ಅಮ್ಮ ಮೂಲೆಯಿಂದ ಕೂಗಾಡಲಿಲ್ಲ. ಮೆಲ್ಲಗೆ ಕೇಳಿದಳು, ಆದರೂ ಎಲ್ಲರಿಗೂ ಕೇಳಿಸಿತು.

"ರಘು, ನಿಮ್ಮಪ್ಪ ನಿಂಗೆ ಇದಕ್ಕಿಂತ ಜಾಸ್ತಿ ಹೊಡೆದಿದ್ರು. ನೀನು ಪಾಸಾದ್ಯಾ?"

ಅವನ ಕೈ ಇಳಿಯಿತು. ಬಾಗಿಲಲ್ಲಿದ್ದವರನ್ನು ನೋಡಿದ, ಮಗಳನ್ನು ನೋಡಿದ. ಬೂತಪ್ಪ ಹಿಟ್ಟು ಬೀಸಿಸದೆಯೇ ಚೀಲ ಹೆಗಲಿಗೆ ಹಾಕಿ ಹೊರಟುಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಆ ಸಂಜೆ ಗಿರಣಿ ಮತ್ತೆ ತಿರುಗಲಿಲ್ಲ. ಗುಲಾಬಿ ಮಗಳ ತುಟಿಗೆ ಅರಿಶಿನ ಹಚ್ಚುತ್ತಾ, ಇನ್ನೊಂದು ಸಲ ಕೈ ಎತ್ತಿದರೆ ಮಕ್ಕಳನ್ನು ಕರಕೊಂಡು ಮುತ್ತಿನಕೊಪ್ಪಕ್ಕೆ, ತನ್ನ ತವರಿಗೆ ಹೋಗುವುದಾಗಿ ಅವನಿಗೆ ಕೇಳುವ ಹಾಗೆ ಹೇಳಿದಳು. ಹಗುರ ಮಾತಿನ ಹೆಂಗಸಲ್ಲ ಅವಳು. ಅವನಿಗೂ ಅದು ಗೊತ್ತು.

ಮಾರನೇ ದಿನ ಅವನು ಗಿರಣಿಗೆ ಬೀಗ ಹಾಕಿ ಕೊಪ್ಪಕ್ಕೆ ಹೋದ. ಶಬಾನ ಟೀಚರನ್ನು ಕಂಡು, ಹುಡುಗಿಯನ್ನು ಶಾಲೆಯಿಂದ ತೆಗೆಯುತ್ತೀರಾ ಅಂತ ಕೇಳಿದನಂತೆ. ತೆಗೆಯುವುದಿಲ್ಲ, ಸೈನ್ಸಿನಲ್ಲಿ ಅವಳಷ್ಟು ತಿಳಿದವರು ನನ್ನ ಕ್ಲಾಸಲ್ಲಿ ಇಲ್ಲ, ನೀವು ದಿನಾ ಅವಳ ಹತ್ತಿರ ಕೂತು ಪಾಠ ಕೇಳಿ, ಕನ್ನಡದಲ್ಲೇ ಕೇಳಿ ಅಂತ ಅವಳು ಹೇಳಿದಳಂತೆ. ಆಮೇಲೆ ಟೀಚರೇ ನನಗೆ ಹೇಳಿದ್ದು ಇದು. ಅವನು ನಮ್ಮ ಹತ್ತಿರ ಏನೂ ಬಾಯಿ ಬಿಡಲಿಲ್ಲ.

ಆ ಸಂಜೆ ನಾವು ಅಡುಗೆಮನೆಯಲ್ಲಿದ್ದೆವು. ಈಗ ಕದ್ದು ಮುಚ್ಚಿ ಮಾಡುವ ಹಂಗು ಯಾರಿಗೂ ಉಳಿದಿರಲಿಲ್ಲ. ಸಂತೋಷನೂ ಬಾತ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಕೂತಿದ್ದ, ಗಗನಾ ಕರೆದಿದ್ದಳು. ಗಗನಾ ರೊಟ್ಟಿ ಬೇಯಿಸುತ್ತಾ ಅಯಸ್ಕಾಂತದ ಪಾಠ ಹೇಳುತ್ತಿದ್ದಳು. ರಘುಪತಿ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತ. ಗಗನಾ ಮಾತು ನಿಲ್ಲಿಸಿದಳು.

"ಹೇಳು. ನಾನೂ ಕೇಳ್ತೀನಿ. ಕನ್ನಡದಲ್ಲೇ ಹೇಳು."

ಅವಳು ರೊಟ್ಟಿ ಮಗುಚಿದಳು.

"ಹೊಡೆಯಲ್ಲ ಕಣೆ."

ಅದಕ್ಕೂ ಮಾತಿಲ್ಲ. ಸಿಟ್ಟಿನಿಂದ ಅಲ್ಲ, ಬಾವಿಯ ಹಗ್ಗ ಸಿಕ್ಕಿಕೊಂಡ ಹಾಗೆ ಮಾತು ಎಲ್ಲೋ ನಿಂತುಬಿಟ್ಟಿತ್ತು. ಅವನು ತುಂಬಾ ಹೊತ್ತು ಕಾದ. ರೊಟ್ಟಿ ಎಲ್ಲ ಬೆಂದು ಮುಗಿಯಿತು. ಎದ್ದು ಜಗಲಿಗೆ ಹೋದ ಮೇಲೆ ಅವಳು ಸಂತೋಷನ ಕಡೆ ತಿರುಗಿ, ಒಂದೇ ಜಾತಿಯ ಎರಡು ತುದಿ ಒಂದನ್ನೊಂದು ದೂರ ತಳ್ಳುತ್ತವೆ ಅಂತ ಮುಂದುವರಿಸಿದಳು. ಮಾರನೇ ದಿನವೂ ಹಾಗೇ ಆಯಿತು, ಅದರ ಮಾರನೇ ದಿನವೂ. ಆಮೇಲೆ ಅವನು ಒಳಗೆ ಬರುವುದನ್ನೇ ಬಿಟ್ಟ. ಪಾಠದ ಹೊತ್ತಿಗೆ ಜಗಲಿಯಲ್ಲಿ ಗೋಡೆಗೆ ಒರಗಿ, ಬೀಡಿಯನ್ನೂ ಹಚ್ಚದೆ, ಕಿವಿ ಇತ್ತ ಕೊಟ್ಟು ಕೂರುತ್ತಿದ್ದ. ಅವನನ್ನು ಕಂಡರೆ ನನಗೆ ಪಾಪ ಅನ್ನಿಸಲಿಲ್ಲ ಅಂತ ಹೇಳಲಾರೆ, ಅನ್ನಿಸಿತು. ಅಪ್ಪಯ್ಯ ಹೊರಗೆ ಕೇಳ್ತಾ ಕೂತಿದಾರೆ ಅಂತ ಗಗನಾಗೆ ಒಂದು ದಿನ ಹೇಳಿದೆ.

ಗೊತ್ತು ಅತ್ತೆ ಅಂದಳು. ಅಂದು, ಪಾಠದ ದನಿ ಇನ್ನೂ ತಗ್ಗಿಸಿದಳು.